ಡಿಸೆಂಬರ್ 20ರ ಸಂಜೆ: ಬ್ಯಾಂಡಿನವರ ಕೋಟು, ಖಣದ ಅಂಗಿ ಮತ್ತು ನಿಮ್ಮ ಪ್ರಶ್ನೆಗಳು

ಗುಳೇದಗುಡ್ಡ
1 ಡಿಸೆಂಬರ್ 2025

ಪ್ರೀತಿಯ ಪೋಷಕರಿಗೆ ನಮಸ್ಕಾರ,

"ಅಕ್ಕೋರ, ಫ್ಯಾಷನ್ ಶೋ ಅಂದ್ರ ಏನ್ರಿ? ನಮ್ಮ ಹುಡುಗಿ ಅದರಾಗ ಬ್ಯಾಡ್ರಿ."

ಹೋದ ವಾರ ಶಾಲೆಯ ಗೇಟಿನ ಹತ್ತಿರ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಹೀಗೆ ಹೇಳಿದರು. ಮರುದಿನ ಇನ್ನಿಬ್ಬರು ಬಂದರು. ಒಬ್ಬ ತಂದೆ ಫೋನ್ ಮಾಡಿ, ಎಸ್ಸೆಸ್ಸೆಲ್ಸಿ ಮುಖ್ಯನೋ ಬ್ಯಾಂಡ್ ಬಾರಿಸೋದು ಮುಖ್ಯನೋ ಅಂತ ಕೇಳಿದರು. ತಪ್ಪು ನಮ್ಮದೇ. ಮಕ್ಕಳು ತಾವೇ ಹೊಲಿದ ಉಡುಪು ಹಾಕಿಕೊಂಡು ಬ್ಯಾಂಡಿನ ಜೊತೆ ನಡೆಯುವ ಡಿಸೆಂಬರ್ 20ರ ಕಾರ್ಯಕ್ರಮದ ಬಗ್ಗೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆಸಿ ಕಳಿಸಿದ್ದೆವು. ಅದರಲ್ಲಿ 'ಫ್ಯಾಷನ್' ಅನ್ನುವ ಒಂದು ಪದ ಇತ್ತು. ಉಳಿದದ್ದನ್ನು ಟಿವಿ ನೋಡಿ ನೀವೇ ತುಂಬಿಸಿಕೊಂಡಿರಿ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಮಗ್ಗದಿಂದ ಎದ್ದು ಚಹಾ ಕುಡಿಯುವಾಗ ಓದಿ.

ಇದೆಲ್ಲ ಶುರುವಾಗಿದ್ದು ಒಂದು ಹರಿದ ಕೋಟಿನಿಂದ. ನವೆಂಬರ್ 1ರ ರಾಜ್ಯೋತ್ಸವದ ಮೆರವಣಿಗೆಯಲ್ಲಿ ನಮ್ಮ ಮಕ್ಕಳ ಮುಂದೆ ನಮ್ಮೂರಿನ ಬ್ಯಾಂಡಿನವರು ನಡೆದಿದ್ದರು. ನೀವೆಲ್ಲ ಬಲ್ಲಿರಿ, ನಿಮ್ಮ ಮನೆಯ ಮದುವೆಗೆ ಬಾರಿಸಿದವರೇ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದಾರಿಯುದ್ದಕ್ಕೂ ಅವರ ಬೆನ್ನನ್ನೇ ನೋಡುತ್ತಾ ಬಂದಿದ್ದಾಳೆ. ಸೋಮವಾರ ನನ್ನ ಕೋಣೆಗೆ ಬಂದು, "ಮೇಡಂ, ತುತ್ತೂರಿ ಊದುವವರ ಕೋಟೆಲ್ಲ ಕಂಕುಳಲ್ಲೇ ಯಾಕೆ ಹರಿದಿದೆ? ಡ್ರಮ್ಮಿನವರದ್ದು ಮಾತ್ರ ಭುಜದ ಮೇಲೆ ಯಾಕೆ?" ಅಂತ ಕೇಳಿದಳು. ನಾನು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಎಷ್ಟು ಮೆರವಣಿಗೆ ನೋಡಿದ್ದೇನೋ ಲೆಕ್ಕವಿಲ್ಲ. ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮುಂದಿನ ಶನಿವಾರ ಬ್ಯಾಂಡಿನ ಯಜಮಾನರನ್ನು ಶಾಲೆಗೆ ಕರೆದೆವು. ಒಂದು ಹಳೆಯ ಕೋಟು ತಂದರು. ಕೆಂಪು ಸಾಟಿನ್, ಭುಜಕ್ಕೆ ಜರಿ ಗೊಂಡೆ, ಎದೆಗೆ ಹಿತ್ತಾಳೆ ಗುಂಡಿ. ಮಕ್ಕಳು ಅದನ್ನು ಬೆಂಚಿನ ಮೇಲೆ ಹರವಿ ಒಳಗೆ ಹೊರಗೆ ನೋಡಿದರು. ಎಡಭುಜದ ಗೊಂಡೆ ಪೂರ್ತಿ ಸವೆದಿತ್ತು, ಡ್ರಮ್ಮಿನ ಪಟ್ಟಿ ಕೂರುವ ಜಾಗ ಅದು. ಕಂಕುಳಲ್ಲಿ ಮೂರು ಸಲ ಹೊಲಿದ ಗುರುತು. ಒಳಗೆ ಅಸ್ತರಿಲ್ಲ, ಬೆವರು ಹೀರುವಂಥದ್ದು ಏನೂ ಇಲ್ಲ. ವೈಶಾಖದ ಬಿಸಿಲಲ್ಲಿ ಇದನ್ನು ಹಾಕಿಕೊಂಡು ಎರಡು ತಾಸು ಮೆರವಣಿಗೆ ನಡೆಯಬೇಕು.

ಸಮಾಜ ವಿಜ್ಞಾನದ ಮೇಷ್ಟ್ರು ಇದಕ್ಕೆ ಕಾರಣ ವಿವರಿಸಿದರು. ಈ ಬ್ಯಾಂಡು, ಈ ಕೋಟು ಎರಡೂ ಬ್ರಿಟಿಷರ ಪಲ್ಟನ್ನಿನಿಂದ ಬಂದವು. ಸಂಸ್ಥಾನದ ರಾಜರು ತಮ್ಮ ಅರಮನೆಗೂ ಅಂಥದ್ದೇ ಬ್ಯಾಂಡು ಕಟ್ಟಿಸಿಕೊಂಡರು. ಅಲ್ಲಿಂದ ಅದು ಮದುವೆಯ ಬೀದಿಗೆ ಇಳಿಯಿತು. ಮೈಸೂರು ದಸರಾದಲ್ಲಿ ಪೊಲೀಸ್ ಬ್ಯಾಂಡ್ ನೋಡಿರುತ್ತೀರಿ, ಅದರಲ್ಲಿ ಇಂಗ್ಲಿಷ್ ವಾದ್ಯದವರೂ ಇದ್ದಾರೆ, ಕರ್ನಾಟಕ ಸಂಗೀತದವರೂ ಇದ್ದಾರೆ. ಸಿಪಾಯಿಯ ಕೋಟು ನೆಟ್ಟಗೆ ನಿಂತವನಿಗೆ ಚಂದ ಕಾಣಲಿ ಅಂತ ಹೊಲಿದದ್ದು. ಕೈ ಎತ್ತಿ ಟ್ರಂಪೆಟ್ ಊದುವವನ ಕಷ್ಟ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಮಕ್ಕಳು ಬ್ಯಾಂಡಿನ ಹನ್ನೊಂದು ಜನಕ್ಕೆ ಹೊಸ ಕೋಟು ಹೊಲಿಯುತ್ತಿದ್ದಾರೆ. ಮೈಗೆ ದಪ್ಪ ಹತ್ತಿ ಬಟ್ಟೆ. ಕಾಲರಿಗೂ ತೋಳಿನ ತುದಿಗೂ ನಮ್ಮೂರ ಮಗ್ಗದ ರವಿಕೆ ಬಟ್ಟೆ, ಖಣ. ಒಬ್ಬ ಪೋಷಕರು ದರ್ಜಿ, ಶನಿವಾರ ಬಂದು ಕತ್ತರಿ ಹಿಡಿಯುವುದು ಕಲಿಸುತ್ತಿದ್ದಾರೆ. (ಸಂಬಳ ಕೇಳಿಲ್ಲ. ಚಹಾಕ್ಕೆ ಮಾತ್ರ ಸಕ್ಕರೆ ಜಾಸ್ತಿ ಬೇಕಂತೆ.) ಹಳೆಯ ಪೇಪರಿನಲ್ಲಿ ಅಳತೆ ಕತ್ತರಿಸಿ ಮೊದಲ ಕೋಟು ಹೊಲಿದರು. ಕ್ಲಾರಿನೆಟ್ ನುಡಿಸುವ ಹಿರಿಯರಿಗೆ ಹಾಕಿಸಿ, "ಊದ್ರಿ ಕಾಕಾ" ಅಂದರು. ಅವರು ವಾದ್ಯ ಎತ್ತಿದ ತಕ್ಷಣ ಕೋಟಿನ ಅಂಚು ನಾಲ್ಕು ಬೆರಳು ಮೇಲೆ ಹೋಯಿತು. ಮಕ್ಕಳ ಮುಖ ಸಪ್ಪಗಾಯಿತು. ದರ್ಜಿಗಳು ನಕ್ಕು, ಕಂಕುಳಿನ ಹೊಲಿಗೆ ಬಿಚ್ಚಿ, ಅಲ್ಲಿಗೆ ಶಂಕರಪೋಳಿ ಆಕಾರದ ಒಂದು ತುಂಡು ಬಟ್ಟೆ ಕೂರಿಸಿದರು. ಮತ್ತೆ ಊದಿಸಿದರು. ಕೋಟು ಅಲ್ಲಾಡಲಿಲ್ಲ. ಆ ತುಂಡಿನ ಅಳತೆಯನ್ನು ಮಕ್ಕಳು ಈಗ ಗಣಿತದ ಪುಸ್ತಕದ ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದಾರೆ.

ಫ್ಯಾಷನ್ ಡಿಸೈನ್ ಅಂದರೆ ನಾವು ಹೇಳುತ್ತಿರುವುದು ಇದನ್ನೇ.

ಕೋಟಿನ ಜೊತೆಗೆ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ತಮಗೂ ಉಡುಪು ಮಾಡಿಕೊಳ್ಳುತ್ತಿದ್ದಾರೆ. ನಿಮ್ಮ ಮಗ್ಗದ ತುದಿಯಲ್ಲಿ ಉಳಿದ ಖಣದ ತುಂಡುಗಳೇ ಅವರ ಬಂಡವಾಳ. ಖಣದ ಪನ್ನಾ, ಅಂದರೆ ಅಗಲ, ಕಮ್ಮಿ, ನಮ್ಮ ಕೈಗೆ ಸಿಕ್ಕ ತುಂಡು 31 ಇಂಚು ಇತ್ತು. ರವಿಕೆಗೆ ಅಂತಲೇ ನೇಯ್ದದ್ದು, ಅದಕ್ಕೆ ಸಾಕು. ಬೇರೆ ಏನಾದರೂ ಹೊಲಿಯಬೇಕೆಂದರೆ ತಲೆ ಓಡಿಸಬೇಕು. ಒಬ್ಬ ಹುಡುಗ ಬಟ್ಟೆ ಉಳಿಸಲು ಅಡ್ಡಡ್ಡ ಕತ್ತರಿಸಿದ. ಹೊಲಿದು ನೋಡಿದರೆ ತೇರಿನ ಬುಟ್ಟಾಗಳೆಲ್ಲ ಅವನ ಎದೆಯ ಮೇಲೆ ಅಡ್ಡ ಬಿದ್ದಿದ್ದವು. "ನಿನ್ನ ಅಂಗಿಯ ಮೇಲೆ ತೇರು ಮಲಗ್ಯಾವ ನೋಡೋ" ಅಂತ ಇಡೀ ಕ್ಲಾಸು ನಕ್ಕಿತು. ಅವನು ಬಿಡಲಿಲ್ಲ. ಸೂಜಿಮಲ್ಲಿಗೆ ಹೂವಿನ ಬುಟ್ಟಾ ಇರುವ ತುಂಡು ಹುಡುಕಿಕೊಂಡು ಬಂದ. ಅದನ್ನು ಹೇಗೆ ಕತ್ತರಿಸಿದರೂ ನಡೆಯುತ್ತದೆ ಅಂತ ಅವನಿಗೆ ಈಗ ಗೊತ್ತು. ನಮ್ಮ ಮನೆಗಳಲ್ಲಿ ಉಡಿ ತುಂಬುವಾಗ ಖಣ ಮಡಿಚಿ ಕೊಡುತ್ತೇವೆ, ತೆಗೆದುಕೊಂಡವರು ಕಪಾಟಿನಲ್ಲಿಡುತ್ತಾರೆ, ಅವರು ಇನ್ನೊಬ್ಬರಿಗೆ ಕೊಡುತ್ತಾರೆ. ಎಷ್ಟೋ ಖಣ ಕತ್ತರಿ ಕಾಣದೇ ಊರೂರು ತಿರುಗುತ್ತವೆ. ಅಂಥದ್ದು ನಿಮ್ಮಲ್ಲಿದ್ದರೆ ಒಂದನ್ನು ಕೊಡಿ.

ಗಂಡುಹುಡುಗರು ಖಣದ ಅಂಗಿ ಹಾಕುವುದೇ ಅಂತ ಒಬ್ಬರು ಮುಖ ಕಿವುಚಿದರು. ನೇಯುವುದು ಗಂಡಸರಾದರೆ ಆಗುತ್ತದೆ, ಹಾಕಿಕೊಂಡರೆ ಆಗುವುದಿಲ್ಲವೇ? ಹುಡುಗರೇ ಕೇಳಿಕೊಂಡು ಹೊಲಿಯುತ್ತಿದ್ದಾರೆ. ಅವರನ್ನು ಸುಮ್ನೆ ಬಿಡೋಣ.

ಈಗ ಒಂದು ಕ್ಷಮೆ. ಎಂಟನೇ ತರಗತಿಯ ಒಬ್ಬ ಹುಡುಗಿ ಮನೆಯಲ್ಲಿ ಯಾರಿಗೂ ಹೇಳದೆ ಟ್ರಂಕಿನಿಂದ ಅಜ್ಜಿಯ ಇಳಕಲ್ ಸೀರೆ ತೆಗೆದು ಕತ್ತರಿಸಿಬಿಟ್ಟಳು. ಹಳೇ ಸೀರೆ, ಹೇಗಿದ್ದರೂ ಕೌದಿಗೆ ಹೋಗುತ್ತದೆ ಅಂದುಕೊಂಡಿದ್ದಳಂತೆ. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಅಜ್ಜಿ ಶಾಲೆಗೆ ಬಂದರು. ನಾನು ಎದ್ದು ನಿಂತು ಬೈಸಿಕೊಂಡೆ. ಹತ್ತು ನಿಮಿಷ ಆದ ಮೇಲೆ ಅವರು ಕುರ್ಚಿಯಲ್ಲಿ ಕೂತು, ಕತ್ತರಿಸಿದ ಸೀರೆ ಕೈಗೆ ತೆಗೆದುಕೊಂಡು, "ಕತ್ತರಿಸಿದ್ದು ಹೋಗ್ಲಿ, ಕೊಂಡಿ ಮ್ಯಾಲೆ ಕತ್ತರಿ ಹಾಕ್ಯಾಳ ನೋಡ್ರಿ" ಅಂದರು.

ಇಳಕಲ್ ಸೀರೆಯ ಗುಟ್ಟೇ ಆ ಕೊಂಡಿ. ಮೈಯ ಹಾಸು (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೇ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿ ತಯಾರು ಮಾಡಬೇಕು. ಅಜ್ಜಿ ಮದುವೆಗೆ ಮುಂಚೆ ತವರಿನಲ್ಲಿ ಈ ಕೆಲಸ ಮಾಡಿದವರಂತೆ. ಅವತ್ತು ಮಧ್ಯಾಹ್ನದ ತನಕ ಕೂತು ಎರಡು ಬಣ್ಣದ ದಾರದಲ್ಲಿ ಹದಿನಾರು ಮಕ್ಕಳಿಗೆ ಕೊಂಡಿ ಹಾಕುವುದು ತೋರಿಸಿದರು. ಬಿಸಿಯೂಟವನ್ನೂ ನಮ್ಮ ಜೊತೆಗೇ ಮಾಡಿದರು. ಸಾರಿಗೆ ಉಪ್ಪು ಕಮ್ಮಿ ಅಂದರು. ನಿಜ, ಕಮ್ಮಿ ಇತ್ತು. ಆ ಸೆರಗು ಈಗ ಒಂದು ಮೇಲಂಗಿಯ ಬೆನ್ನಾಗಿದೆ. ಆದರೂ ಆಗಿದ್ದು ತಪ್ಪೇ. ಇನ್ನು ಮುಂದೆ ಮನೆಯ ಹಿರಿಯರ ಸಹಿ ಇರುವ ಚೀಟಿ ತರದೆ ಯಾವ ಸೀರೆಗೂ ಶಾಲೆಯಲ್ಲಿ ಕತ್ತರಿ ಹಾಕುವುದಿಲ್ಲ. ಟ್ರಂಕಿನ ಬೀಗದ ಕೈ ಎಲ್ಲಿದೆ ಅಂತ ನೀವೂ ಒಮ್ಮೆ ನೋಡಿಕೊಳ್ಳಿ.

ಬ್ಯಾಂಡು ಯಾಕೆ, ಸ್ಪೀಕರ್ ಸಾಲದೇ ಅಂತ ಕೇಳಿದವರಿಗೆ ಹೋದ ವರ್ಷದ ವಾರ್ಷಿಕೋತ್ಸವ ನೆನಪಿರಬೇಕು. ಡಿಜೆ ಕರೆಸಿದ್ದು ನಾನೇ. ಕಿಟಕಿಯ ಗಾಜು ಗಡಗಡ ಅಂದವು, ಅಂಗನವಾಡಿಯ ಕೂಸುಗಳು ಅತ್ತವು. ನಡುವೆ ಪೆನ್‌ಡ್ರೈವ್ ಕೈಕೊಟ್ಟು ಒಂದೇ ಸಾಲು ಮತ್ತೆ ಮತ್ತೆ ಬಂತು. ವೇದಿಕೆಯ ಮೇಲೆ ಆರು ಮಕ್ಕಳು ಕೈ ಮೇಲೆತ್ತಿಕೊಂಡು ಹಾಗೇ ನಿಂತುಬಿಟ್ಟರು. ಇಳಿಸಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ಅದು ಈಗಲೂ ನನ್ನ ಕಣ್ಣಮುಂದಿದೆ.

ಬ್ಯಾಂಡಿನವರಿಗೆ ಕಣ್ಣಿದೆ. ಮೊನ್ನೆ ತಾಲೀಮಿನಲ್ಲಿ ಒಬ್ಬ ಹುಡುಗಿ ಲಂಗದ ಅಂಚು ತುಳಿದು ಮುಗ್ಗರಿಸಿದಳು. ಸೈಡ್ ಡ್ರಮ್ಮಿನವರು ಅವಳನ್ನು ನೋಡುತ್ತಲೇ ಅದೇ ಪೆಟ್ಟನ್ನು ಇನ್ನೊಂದು ಸುತ್ತು ತಿರುಗಿಸಿದರು. ಅವಳು ಸಾವರಿಸಿಕೊಂಡು ಮೊದಲ ಹೆಜ್ಜೆ ಇಟ್ಟಾಗ ಟ್ರಂಪೆಟ್ ಎತ್ತಿದರು. ಮುಗ್ಗರಿಸಿದ್ದೂ ಆಟದ ಭಾಗವೇ ಅಂದುಕೊಂಡರು ನೋಡಿದವರು. ಮದುವೆಯಲ್ಲಿ ವರನ ಕುದುರೆ ನಿಂತರೆ, ಬೀಗರು ಕುಣಿಯಲು ಶುರುಮಾಡಿದರೆ, ದಾರಿಗೆ ಎತ್ತಿನ ಬಂಡಿ ಅಡ್ಡ ಬಂದರೆ ಅವರು ದಿನಾ ಮಾಡುವ ಕೆಲಸ ಇದು.

ಬ್ಯಾಂಡಿನ ಜೊತೆಗೆ ಕರಡಿ ಮಜಲಿನ ಮೇಳವೂ ಬರುತ್ತದೆ. ಕರಡಿ ಅನ್ನುವ ಚರ್ಮವಾದ್ಯ, ಚಳ್ಳಂ ಅನ್ನುವ ದೊಡ್ಡ ತಾಳ, ಶಹನಾಯಿಯಂಥ ಸನಾದಿ. ಮುಪ್ಪಿನವರು ಬೇಗ ಬಂದು ಮುಂದೆ ಕೂರಲಿ. ಮಕ್ಕಳದ್ದೇ ಒಂದು ಪುಟ್ಟ ಬ್ಯಾಂಡೂ ಇದೆ: ಒಂದು ಗಿಟಾರು, ಒಂದು ಹಾರ್ಮೋನಿಯಂ, ಒಂದು ಪ್ಲಾಸ್ಟಿಕ್ ಡ್ರಮ್ಮು. ಅವರ ಬಗ್ಗೆ ಈಗಲೇ ಏನೂ ಹೇಳುವುದಿಲ್ಲ. ತಾಲೀಮು ನಡೆಯುತ್ತಿದೆ, ಅಷ್ಟೇ.

ದಿನವನ್ನೂ ಯೋಚಿಸಿಯೇ ಇಟ್ಟಿದ್ದೇವೆ. ಅದು ಧನುರ್ಮಾಸ, ಮದುವೆ ಮುಹೂರ್ತ ಇರುವುದಿಲ್ಲ, ಬ್ಯಾಂಡಿನವರಿಗೆ ಬಿಡುವು. ಬನಶಂಕರಿ ಜಾತ್ರೆಗೆ ಇನ್ನೂ ಎರಡು ವಾರ ಇರುತ್ತದೆ. ಬಿಡುವಾಗಿದ್ದಾರೆ ಅಂತ ಪುಕ್ಕಟೆ ಬಾರಿಸಿಕೊಳ್ಳುವುದಿಲ್ಲ. ಮದುವೆಗೆ ಎಷ್ಟು ತೆಗೆದುಕೊಳ್ಳುತ್ತಾರೋ ಅಷ್ಟನ್ನೇ ಕೊಡುತ್ತೇವೆ. ಹಳೆಯ ವಿದ್ಯಾರ್ಥಿಗಳು ಆ ಹಣ ಆಗಲೇ ಕೂಡಿಸಿದ್ದಾರೆ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರುವವರು ವಾದ್ಯದವರೇ. ಮದುವೆಗಳಲ್ಲಿ ಅವರು ಯಾವಾಗ ಉಣ್ಣುತ್ತಾರೆ ಅಂತ ನಮಗೆಲ್ಲ ಗೊತ್ತು, ಅಲ್ವಾ?

ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಾನೂ ಎರಡು ಹೆಣ್ಣುಮಕ್ಕಳ ತಾಯಿ. ಎತ್ತರದ ವೇದಿಕೆ ಇಲ್ಲ, ಶಾಲೆಯ ಅಂಗಳದಲ್ಲೇ ಜಮಖಾನೆ ಹಾಸುತ್ತೇವೆ. ಯಾವ ಮಗುವೂ ಒಂಟಿಯಾಗಿ ನಡೆಯುವುದಿಲ್ಲ, ನಾಲ್ಕು ನಾಲ್ಕು ಜನ ಬರುತ್ತಾರೆ. ಹೊಲಿದ ಬಟ್ಟೆಯ ಬಗ್ಗೆ ಎರಡು ಮಾತು ಹೇಳಿ ಹೋಗುತ್ತಾರೆ. ಮೇಕಪ್ ಬೇಡ, ಬಾಡಿಗೆ ಡ್ರೆಸ್ ಬೇಡ. ಯಾರು ಚಂದ ಅಂತ ಅಂಕ ಕೊಡುವವರೂ ಇಲ್ಲ, ಬಹುಮಾನವೂ ಇಲ್ಲ. ನಡೆಯಲು ಇಷ್ಟವಿಲ್ಲದವರು ಒಳಗೆ ಇಸ್ತ್ರಿ ಹಿಡಿಯಬಹುದು, ಗುಂಡಿ ಹಚ್ಚಬಹುದು. ಅಲ್ಲಿಗೇ ಜಾಸ್ತಿ ಕೈ ಬೇಕು. ದಯವಿಟ್ಟು ಮೊಬೈಲಿನಲ್ಲಿ ಮಕ್ಕಳ ವಿಡಿಯೋ ತೆಗೆದು ಗ್ರೂಪಿಗೆ ಹಾಕಬೇಡಿ. ಫೋಟೋವನ್ನು ಶಾಲೆಯೇ ತೆಗೆಸಿ ನಿಮ್ಮ ಮಗುವಿನ ಪ್ರತಿಯನ್ನು ನಿಮಗೇ ಕೊಡುತ್ತದೆ.

ಹತ್ತನೇ ತರಗತಿಯವರಿಗೆ ಇದರಲ್ಲಿ ಯಾವ ಕೆಲಸವನ್ನೂ ಹಚ್ಚಿಲ್ಲ. ಅವರ ವಿಶೇಷ ತರಗತಿ ಅವತ್ತೂ ನಡೆಯುತ್ತದೆ, ಮುಗಿದ ಮೇಲೆ ಬಂದು ನೋಡಬಹುದು. ಉಳಿದವರ ಹೊಲಿಗೆ ಶನಿವಾರ ಮಧ್ಯಾಹ್ನ ಮಾತ್ರ. ಫೋನ್ ಮಾಡಿದ್ದ ತಂದೆಯವರು ಇನ್ನೊಂದು ಕೇಳಿದ್ದರು, ಇದರಿಂದ ಹೊಟ್ಟೆ ತುಂಬುತ್ತದೆಯೇ ಅಂತ. ಬೆಂಗಳೂರಿನಲ್ಲಿ ಫ್ಯಾಷನ್ ಕಲಿಸುವ ಕೇಂದ್ರ ಸರ್ಕಾರದ ನಿಫ್ಟ್ ಸಂಸ್ಥೆ 1997ರಿಂದ ಇದೆ, ಪಿಯುಸಿ ಆದ ಮೇಲೆ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಫೀಸು ಕಮ್ಮಿಯೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿಗೆ ಬರುವ ಎಷ್ಟೋ ಹುಡುಗರು ಮಗ್ಗವನ್ನು ಹತ್ತಿರದಿಂದ ನೋಡುವುದೇ ಕಾಲೇಜು ಸೇರಿದ ಮೇಲೆ. ನಮ್ಮ ಮಕ್ಕಳು ಮಗ್ಗದ ಸದ್ದಿಗೇ ನಿದ್ದೆ ಮಾಡಿದವರು. ಕೈಮಗ್ಗದ ಪೆಟ್ಟು ಯಾವುದು, ಪವರ್‌ಲೂಮಿನದ್ದು ಯಾವುದು ಅಂತ ಕಣ್ಣು ಮುಚ್ಚಿ ಹೇಳುತ್ತಾರೆ.

ಕಾರ್ಯಕ್ರಮ ಶನಿವಾರ ಸಂಜೆ 5.30ಕ್ಕೆ ಶುರು, 8 ಗಂಟೆಗೆ ಮುಗಿಯುತ್ತದೆ. ಶುಲ್ಕ ಇಲ್ಲ, ಹೊಸ ಬಟ್ಟೆ ಕೊಳ್ಳುವುದೂ ಬೇಡ. ಮನೆಯಲ್ಲಿರುವ ಖಣದ ತುಂಡು, ಜರಿ ಅಂಚು, ಉಳಿದ ದಾರ ಇದ್ದರೆ ಡಿಸೆಂಬರ್ 10ರ ಒಳಗೆ ಮಗುವಿನ ಕೈಯಲ್ಲಿ ಕಳಿಸಿ. ಹೊಲಿಗೆ ಯಂತ್ರ ಇರುವವರು ಎರಡು ಶನಿವಾರಕ್ಕೆ ಕೊಟ್ಟರೆ ನಾವೇ ಬಂದು ಒಯ್ದು, ಎಣ್ಣೆ ಹಾಕಿ ಮರಳಿಸುತ್ತೇವೆ. ಪತ್ರದ ಜೊತೆಗಿನ ಚೀಟಿಯಲ್ಲಿ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಬರೆದು ಸಹಿ ಮಾಡಿ. ಬೇಡ ಅಂದರೆ ಯಾಕೆ ಅಂತ ಮಗುವನ್ನು ಯಾರೂ ಕೇಳುವುದಿಲ್ಲ. ನಿಮಗೆ ಮಾತಾಡಬೇಕು ಅನಿಸಿದರೆ ಮಧ್ಯಾಹ್ನ 3ರ ಮೇಲೆ ನಾನು ಕೋಣೆಯಲ್ಲೇ ಇರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಒಂದು ಕೋಟಿಗೆ ಆರರಂತೆ ಹನ್ನೊಂದು ಕೋಟಿಗೆ 66 ಹಿತ್ತಾಳೆ ಗುಂಡಿ ಬೇಕು. ಹಳೆಯ ಕೋಟುಗಳಿಂದ ಬಿಚ್ಚಿದ್ದು 41 ಸಿಕ್ಕಿವೆ. ನಿಮ್ಮ ಮನೆಯ ಗುಂಡಿ ಡಬ್ಬಿಯಲ್ಲಿ ಒಮ್ಮೆ ಕೈಯಾಡಿಸಿ ನೋಡಿ. ಒಂದೇ ಸಿಕ್ಕರೂ ಕಳಿಸಿ.