ಭಾನುವಾರದ ಹರಟೆ: ಡ್ರಾಫ್ಟ್‌ನಲ್ಲಿ ಮಾಲೀಕರ ಕೈ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 7ಕ್ಕೆ ನಮ್ಮ ಆನ್‌ಲೈನ್ ಹರಟೆ ಇದೆ. ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ನೋಡುವವರೆಲ್ಲ ಬನ್ನಿ. ಹೋದ ಸಲ ಮಾತು ಎಲ್ಲೆಲ್ಲಿಗೋ ಹೋಯಿತು ಅಲ್ವಾ, ಅದಕ್ಕೇ ಈ ಸಲ ಒಂದೇ ತಂಡ: ಸ್ಯಾಕ್ರಮೆಂಟೊ ಕಿಂಗ್ಸ್.

ಬರುವ ಮುಂಚೆ 2014ರ ಅವರ ಡ್ರಾಫ್ಟ್ ಕೋಣೆಯ ವಿಡಿಯೊ ನೋಡಿಕೊಳ್ಳಿ, ಚಿಕ್ಕದೇ. (ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು.) ಮೇಜಿನ ಸುತ್ತ ಇಷ್ಟು ಜನ ತಜ್ಞರು ಕೂತಿದ್ದಾರೆ, ಅವರ ನಡುವೆ ಮಾಲೀಕರಾದ ವಿವೇಕ್ ರಣದಿವೆ ನಿಕ್ ಸ್ಟೌಸ್ಕಸ್ ಎಂಬ ಆಟಗಾರನ ಹೆಸರನ್ನು ಉತ್ಸಾಹದಿಂದ ಎತ್ತುತ್ತಾರೆ. 8ನೇ ಆಯ್ಕೆ ಅವನಿಗೇ ಹೋಯಿತು. ಒಂದೇ ಸೀಸನ್ ಆಡಿಸಿ 2015ರಲ್ಲಿ ಫಿಲಡೆಲ್ಫಿಯಾಗೆ ಕಳಿಸಿದರು. ಇವರು ಬಿಟ್ಟ, ಮುಂದೆ ದೊಡ್ಡ ಆಟಗಾರನಾದ ಜ್ಯಾಕ್ ಲವೀನ್ 13ನೆಯವನಾಗಿ ಬೇರೆ ತಂಡ ಸೇರಿದ. 2014ರ ಡಿಸೆಂಬರ್‌ನಲ್ಲಿ, ಸೀಸನ್‌ನ 24 ಪಂದ್ಯಕ್ಕೇ, ಕೋಚ್ ಮೈಕಲ್ ಮಲೋನ್ ಅವರನ್ನೂ ತೆಗೆದರು. ಅದೇ ಮಲೋನ್ 2023ರಲ್ಲಿ ಡೆನ್ವರ್ ತಂಡಕ್ಕೆ ಕಪ್ ಗೆದ್ದುಕೊಟ್ಟರು, ಅದೂ 2014ರಲ್ಲೇ 41ನೆಯವನಾಗಿ ಆಯ್ಕೆಯಾದ ಆಟಗಾರ ಯೋಕಿಚ್ ಜೊತೆ! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ದುಡ್ಡು ಹಾಕಿದವರು ಪ್ರಶ್ನೆ ಕೇಳಲಿ, ಆದರೆ ವರ್ಷವಿಡೀ ಹುಡುಗರ ಆಟ ನೋಡಿದ ಸ್ಕೌಟ್‌ಗಳ ಮಾತೇ ಕೊನೆಯದಾಗಬೇಕು ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಖಂಡಿತ ಬನ್ನಿ, ಒಂದು ಉದಾಹರಣೆ ತನ್ನಿ, ಸುಮ್ನೆ ಕೂಗಾಡೋದು ಬೇಡ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಲಿಂಕ್ ಶನಿವಾರ ಕಳಿಸುತ್ತೇನೆ. ಅಮೆರಿಕದಲ್ಲಿರುವವರಿಗೆ ಈ ಹೊತ್ತು ಆಗದಿದ್ದರೆ ಈಗಲೇ ತಿಳಿಸಿ.