ಪುಟ್ಟಿಗೆ, ಬ್ರಶ್ ಎತ್ತಿಡೋಕೆ ಮುಂಚೆ

ಪ್ರೀತಿಯ ಪುಟ್ಟಿ,

ಕೆಎಎಸ್‌ಗೆ ಓದ್ತಾ ಇದೀಯ ಅಂತ ನಿಮ್ಮಪ್ಪ ಹೇಳ್ದಾಗ ತುಂಬಾ ಖುಷಿ ಆಯ್ತು. ಆದ್ರೆ ಅದಕ್ಕೋಸ್ಕರ ಪೇಂಟಿಂಗ್ ಪೂರ್ತಿ ಬಿಟ್ಬಿಟ್ಟೆ, ಆಫೀಸರ್ ಆಗೋರಿಗೆ ಚಿತ್ರ ಕವಿತೆ ಎಲ್ಲಾ ಯಾಕೆ ಅಂದ್ಯಂತೆ, ಅದು ಮನಸ್ಸಿಗೆ ಒಗ್ಲಿಲ್ಲ ಕಣಮ್ಮ. ನೀನು ಹಿಸ್ಟರಿ ಓದೋಳು, ಅದಕ್ಕೇ ಚೀನಾದ ಕಥೆ ಹೇಳ್ತೀನಿ, ನಿಧಾನಕ್ಕೆ ಓದು.

ಅಲ್ಲಿ ಪರೀಕ್ಷೆ ಬರೆದು ಅಧಿಕಾರಿ ಆಗೋ ಪದ್ಧತಿ ನಡುನಡುವೆ ನಿಂತ್ರೂ ಸುಮಾರು 1300 ವರ್ಷ, 1905ರವರೆಗೂ ನಡೀತು. ಪ್ರಾಚೀನ ಚಿಂತಕ ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳು ಬಾಯಿಪಾಠ ಆಗಿರ್ಬೇಕು, ಟ್ಯಾಂಗ್ ರಾಜವಂಶದ ಕಾಲದಲ್ಲಂತೂ (7ರಿಂದ 10ನೇ ಶತಮಾನ) ಕವಿತೆ ಕಟ್ಟೋದೂ ಪರೀಕ್ಷೆಯ ಭಾಗ. ಹಂಗಾಗಿ ಸರ್ಕಾರಿ ವರದಿ ಬರೆಯೋ ಕುಂಚದಲ್ಲೇ ಕವಿತೆ, ಅದರಲ್ಲೇ ಬಿದಿರು ಬಂಡೆ ಚಿತ್ರ.

ಸು ಶಿ ಅಂತ ಒಬ್ಬ ಇದ್ದ, 1057ರಲ್ಲಿ ಪಾಸಾದೋನು. ಆಗ ಸುಧಾರಣೆ ತಂದ ಮಂತ್ರಿ ವಾಂಗ್ ಅನ್‌ಶಿ ಪರೀಕ್ಷೆಯಿಂದ ಕವಿತೆನೇ ತೆಗೆಸಿದ, ಅವನೂ ದೊಡ್ಡ ಕವಿನೇ ನೋಡು. ಸು ಶಿ ಅದನ್ನ ವಿರೋಧಿಸ್ದ. ಸರ್ಕಾರದ ಉಪ್ಪಿನ ಕಾನೂನು ಬಿಗಿಯಾಗಿ ಹಳ್ಳಿ ಜನ ಒದ್ದಾಡ್ತಿದ್ದಾಗ ಅವನೊಂದು ಪುಟ್ಟ ಕವಿತೆ ಬರೆದ. ಎಪ್ಪತ್ತು ವರ್ಷದ ಮುದುಕ ಸೊಂಟಕ್ಕೆ ಕುಡುಗೋಲು ಸಿಕ್ಕಿಸ್ಕೊಂಡು ಬೆಟ್ಟದಲ್ಲಿ ಕಳಲೆ ಹುಡುಕ್ತಾನೆ, ಮೂರು ತಿಂಗಳಿಂದ ಅವನ ಊಟದಲ್ಲಿ ಉಪ್ಪಿಲ್ಲ. ಆ ಮೂರು ತಿಂಗಳು ಸುಮ್ನೆ ಬಂದಿದ್ದಲ್ಲ! ಶಾವ್ ಅನ್ನೋ ದಿವ್ಯ ಸಂಗೀತ ಕೇಳಿ ಕನ್ಫ್ಯೂಷಿಯಸ್ ಮೂರು ತಿಂಗಳು ಮಾಂಸದ ರುಚಿನೇ ಮರೆತಿದ್ದ ಅಂತ ಹಳೇ ಗ್ರಂಥದಲ್ಲಿದೆ. ಈ ಮುದುಕ ರುಚಿ ಮರೆತಿದ್ದೂ ಸಂಗೀತ ಕೇಳಿನಾ ಅಂತ ಕವಿತೆ ಕೇಳುತ್ತೆ. ಆಸ್ಥಾನದೋರೆಲ್ಲ ಅದೇ ಪುಸ್ತಕ ಓದಿ ಬಂದೋರು, ಏಟು ಯಾರಿಗೆ ಅಂತ ತಕ್ಷಣ ತಿಳೀತು. 1079ರಲ್ಲಿ ಅವನನ್ನ ಹಿಡಿದು, ಕವಿತೆಗಳನ್ನೇ ಸಾಕ್ಷಿ ಮಾಡಿ, ನಾಲ್ಕು ತಿಂಗಳು ಜೈಲಲ್ಲಿಟ್ಟು, ಹುವಾಂಗ್‌ಝೌಗೆ ಗಡಿಪಾರು ಮಾಡಿದ್ರು. ಅಲ್ಲಿ ಇಳಿಜಾರಲ್ಲಿ ಒಂದು ತುಂಡು ಜಮೀನು ಉತ್ಕೊಂಡೇ ತನ್ನ ಅತ್ಯುತ್ತಮ ಬರಹ ಬರೆದ. ಆಮೇಲೆ ಹಾಂಗ್‌ಝೌ ಅಧಿಕಾರಿಯಾಗಿ ಬಂದಾಗ ಅಲ್ಲಿನ ವೆಸ್ಟ್ ಲೇಕ್ ಹೂಳೆತ್ತಿಸಿ ಆ ಕೆಸರಲ್ಲೇ ದಾರಿ ಕಟ್ಟಿಸ್ದ, ಜನ ಇವತ್ತಿಗೂ ಅದರ ಮೇಲೆ ಓಡಾಡ್ತಾರೆ. ಮುದುಕನ ಊಟದಲ್ಲಿ ಉಪ್ಪಿಲ್ಲ ಅಂತ ಗಮನಿಸಿದ ಕಣ್ಣೇ ಕೆರೆಯ ಹೂಳನ್ನೂ ನೋಡಿದ್ದು ಅನ್ನೋದು ನನ್ನ ಬಲವಾದ ನಂಬಿಕೆ ಕಣೇ.

ಚಿತ್ರದ್ದೂ ಇದೇ ಕಥೆ. ಸು ಶಿ ಇದ್ದ ಸಾಂಗ್ ರಾಜ್ಯ 1279ಕ್ಕೆ ಪೂರ್ತಿ ಮಂಗೋಲರ ಪಾಲಾಯ್ತು. 1306ರಲ್ಲಿ, ಸಾಂಗ್ ನಿಷ್ಠೆ ಬಿಡದ ಚಿತ್ರಕಾರ ಝೆಂಗ್ ಸಿಷಿಯಾವ್ ಒಂದು ಆರ್ಕಿಡ್ ಬಿಡಿಸ್ದ, ಕೆಲವೇ ಎಲೆ, ಒಂದು ಹೂವು, ಕೆಳಗೆ ಮಣ್ಣೇ ಇಲ್ಲ. ಕೇಳ್ದೋರಿಗೆ ಮಣ್ಣನ್ನ ಪರರು ಕಿತ್ಕೊಂಡಿದಾರಲ್ಲ ಅಂದ್ನಂತೆ. ಅಷ್ಟು ವರ್ಷ ಆದ್ಮೇಲೂ!

ಭಯ ಪಡೋ ವಿಷಯನೂ ಇದೆ, ಮುಚ್ಚಿಡಲ್ಲ. ಹದಿನಾರನೇ ಶತಮಾನದ ಮಿಂಗ್ ರಾಜವಂಶದ ಕಾಲದಲ್ಲಿ ಚಕ್ರವರ್ತಿಗೇ ತಪ್ಪು ಎತ್ತಿ ತೋರಿಸಿ ಜೈಲಿಗೆ ಹೋದ ಅಧಿಕಾರಿ ಹಾಯ್ ರುಯಿ ಮೇಲೆ ನಮ್ಮ ಕಾಲಕ್ಕೆ ಹತ್ತಿರದ, ಮಾವೋ ಆಳ್ವಿಕೆಯ ವು ಹಾನ್ ಅನ್ನೋ ಇತಿಹಾಸಕಾರ ನಾಟಕ ಬರೆದ, ಅವನು ಬೀಜಿಂಗಿನ ಉಪಮೇಯರ್ ಕೂಡ. ಹಳೇ ಕಥೆ ಹೇಳಿ ಇವತ್ತಿನೋರಿಗೆ ಬುದ್ಧಿ ಹೇಳೋದು ಅಲ್ಲಿನ ಹಳೇ ರೂಢಿ, ಹಂಗಾಗಿ ಮಾವೋ ಕಡೆಯೋರು ಅದನ್ನ ಮಾವೋಗೇ ಕೊಟ್ಟ ಏಟು ಅಂತ ಓದಿದ್ರು. 1965ರ ನವೆಂಬರ್‌ನಲ್ಲಿ ಶಾಂಘೈ ಪತ್ರಿಕೆಯೊಂದರಲ್ಲಿ ಆ ನಾಟಕದ ಮೇಲೆ ಬಿದ್ದ ಲೇಖನದಿಂದಲೇ ಸಾಂಸ್ಕೃತಿಕ ಕ್ರಾಂತಿ, ಅಂದ್ರೆ ವಿದ್ವಾಂಸರು ಅಧಿಕಾರಿಗಳನ್ನ ಬೇಟೆಯಾಡಿದ ಮಾವೋ ಚಳವಳಿ, ಶುರು ಅಂತಾರೆ. ವು ಹಾನ್ 1969ರಲ್ಲಿ ಜೈಲಲ್ಲೇ ತೀರ್ಕೊಂಡ.

ಇನ್ನೊಂದು ಮಾತು. ಗಡಿಪಾರು ಮುಗಿಸಿ ಬರ್ತಾ 1084ರಲ್ಲಿ ಸು ಶಿ, ಅಷ್ಟೊತ್ತಿಗೆ ಅಧಿಕಾರ ಬಿಟ್ಟಿದ್ದ ವಾಂಗ್ ಅನ್‌ಶಿ ಮನೆಗೆ ಹೋದ, ಇಬ್ರೂ ಕೂತು ಕವಿತೆ ಮಾತಾಡಿದ್ರು. ನಿನ್ನ ಸರ್ವಿಸ್‌ನಲ್ಲಿ ಜಗಳ ಬರದೇ ಇರಲ್ಲ ಮಗಳೇ, ಆಗ ಎದುರಿನೋರ ಜೊತೆ ಕೂತು ಮಾತಾಡೋಕೆ ಫೈಲ್ ಬಿಟ್ಟು ಬೇರೆ ಏನಾದ್ರೂ ಇರ್ಲಿ.

ದಿನಾ ರಾತ್ರಿ ಅರ್ಧ ಗಂಟೆ ಚಿತ್ರ ಬಿಡಿಸು, ಟೈಮ್ ವೇಸ್ಟ್ ಅಂತ ನಿಮ್ಮಮ್ಮ ಬೈದ್ರೆ ನಾನು ಮಾತಾಡ್ತೀನಿ. ಪ್ರಿಲಿಮ್ಸ್‌ಗೆ ಚೆನ್ನಾಗಿ ಓದು.

ನಿನ್ನ ದೊಡ್ಡಪ್ಪ