ಬಿಪಿ ಏರಿದ್ದು ವಾರ್ಡಿನದೋ, ಶಿಬಿರದ್ದೋ?

ಮಾನ್ಯ ಸಂಪಾದಕರೆ,

ನಮ್ಮ ವಾರ್ಡಿನಲ್ಲಿ ‘ಆತಂಕಕಾರಿ ಪ್ರಮಾಣದ ರಕ್ತದೊತ್ತಡ’ ಪತ್ತೆಯಾಗಿದೆ ಎಂಬ ಸುದ್ದಿಯನ್ನು ನಿಮ್ಮ ಪತ್ರಿಕೆ ಅಧಿಕಾರಿಗಳ ನಗುಮುಖದ ಫೋಟೊ ಸಮೇತ ಪ್ರಕಟಿಸಿದೆ. ಆ ಬಿಪಿ ಎಲ್ಲಿಂದ ಬಂತೆಂದು ಭಾನುವಾರದ ಬಿಪಿ, ಶುಗರ್ ತಪಾಸಣಾ ಶಿಬಿರಕ್ಕೆ ಹೋದವರಿಗೆಲ್ಲ ಗೊತ್ತು. ಲಿಫ್ಟ್ ಕೆಟ್ಟು ನಿಂತ ಭವನದ ಎರಡನೇ ಮಹಡಿ, ಟೋಕನ್‌ಗೊಂದು ಸಾಲು, ಆಧಾರ್‌ಗೊಂದು ಸಾಲು, ಗಣ್ಯರು ಬಂದು ದೀಪ ಹಚ್ಚುವವರೆಗೆ ಯಂತ್ರದ ಡಬ್ಬಿಯನ್ನೇ ಬಿಚ್ಚಬಾರದೆಂಬ ಅಪ್ಪಣೆ, ಶೌಚಾಲಯಕ್ಕೆ ಬೀಗ. ಬೆನ್ನಿಗೆ ಆಸರೆಯಿರುವ ಕುರ್ಚಿಗಳೆಲ್ಲ ವೇದಿಕೆಯ ಮೇಲೆ, ಜನಕ್ಕೆ ಸ್ಟೂಲು. ಅರವತ್ತು ದಾಟಿದವರನ್ನು ಇಷ್ಟೆಲ್ಲ ಹಣ್ಣುಗಾಯಿ ಮಾಡಿ, ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ತೋಳಿಗೆ ಪಟ್ಟಿ ಸುತ್ತಿದರೆ 120 ಬರುತ್ತದೆಯೇ? ಬಂದಿದ್ದರೆ ಅದೇ ಆತಂಕಕಾರಿ.

ಬಿಪಿ ನೋಡುವುದು ಗುಟ್ಟಿನ ವಿದ್ಯೆಯೇನಲ್ಲ. ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲೇ ಚಿತ್ರ ಬರೆದು ತೋರಿಸಿರುತ್ತಾರೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ, ತಂಬಾಕು ಇಲ್ಲ. ಮೂತ್ರ ಕಟ್ಟಿಕೊಂಡಿರಬಾರದು. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಇಲ್ಲ. ತೋಳು ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ತೋಳು ಹೃದಯಕ್ಕಿಂತ ಒಂದು ಸೆಂಟಿಮೀಟರ್ ಕೆಳಗಿಳಿದರೆ ಅಂಕಿ ಸುಮಾರು ಮುಕ್ಕಾಲು ಪಾಯಿಂಟು (ಪಾದರಸದ ಮಿಲಿಮೀಟರ್) ಮೇಲೇರುತ್ತದೆ. ಮೇಜಿಲ್ಲದೆ ಕೈ ಜೋತುಬಿಟ್ಟು ಕೂತವರ ಪಟ್ಟಿ ಒಂದು ಗೇಣಿನಷ್ಟು ಕೆಳಗಿದ್ದರೂ ಸಾಕು, ಹತ್ತು ಹದಿನೈದು ಪಾಯಿಂಟು ಪುಕ್ಕಟೆಯಾಗಿ ಸೇರಿಕೊಳ್ಳುತ್ತವೆ. 132 ಇದ್ದವರು 144 ಆಗಿ ‘ರೋಗಿ’ ಎಂದು ಬರೆಸಿಕೊಳ್ಳುವುದು ಹೀಗೆ.

ಇದರ ಮೇಲೆ ಒಟಿಪಿ. ಪಟ್ಟಿ ಗುರ್ ಎಂದು ಉಬ್ಬುತ್ತಿರುವಾಗಲೇ ಪಕ್ಕದಲ್ಲಿ ಟ್ಯಾಬ್ ಹಿಡಿದ ಹುಡುಗ ‘ನಂಬರ್ ಬಂತಾ ಅಜ್ಜಿ, ಜೋರಾಗಿ ಹೇಳಿ’ ಎನ್ನುತ್ತಾನೆ. ಅಜ್ಜಿ ಕನ್ನಡಕ ಹುಡುಕಿ, ಮೊಬೈಲ್ ದೂರ ಹಿಡಿದು, ಒಂದೊಂದೇ ಅಂಕಿ ಒದರುತ್ತಾರೆ. ಅಳೆಯುವಾಗ ಮಾತಾಡಿದರೆ ಬಿಪಿ ಏರುತ್ತದೆಂದು ನರ್ಸಿಂಗ್ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಕಂಪ್ಯೂಟರಿಗೆ ಅಜ್ಜಿಯ ಆರೋಗ್ಯಕ್ಕಿಂತ ಅಜ್ಜಿಯ ಒಟಿಪಿ ಮುಖ್ಯವಾದರೆ ಏನು ಮಾಡುವುದು.

ಪಟ್ಟಿಯ ಅಳತೆಯ ಗೊಡವೆಗಂತೂ ಯಾರೂ ಹೋಗಲಿಲ್ಲ. ಯಂತ್ರದ ಜೊತೆ ಸಾಮಾನ್ಯವಾಗಿ ಬರುವುದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿನದು. ದಪ್ಪ ತೋಳಿಗೆ ಅದನ್ನೇ ಎಳೆದು ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ, ಸವೆದ ತೋಳಿಗೆ ಕಟ್ಟಿದರೆ ಇರುವ ಬಿಪಿ ಅಡಗುತ್ತದೆ. ಒಂದು ಟೇಪು, ಒಂದು ದೊಡ್ಡ ಪಟ್ಟಿ, ಒಂದು ಚಿಕ್ಕ ಪಟ್ಟಿ ಇಷ್ಟಿದ್ದರೆ ಮುಗಿಯಿತು. ಶಾಮಿಯಾನಕ್ಕೆ ದುಡ್ಡಿತ್ತು, ಹಾರಕ್ಕೂ ಇತ್ತು. ನಿಮ್ಮ ಫೋಟೊದಲ್ಲೇ ನೋಡಿ, ಅಧಿಕಾರಿಗಳು ಸ್ವತಃ ಪಟ್ಟಿ ಕಟ್ಟುತ್ತಿರುವುದು ಅಂಗಿಯ ತೋಳಿನ ಮೇಲೆ!

ಶುಗರಿನ ಕಥೆ ಇನ್ನೂ ಸಿಹಿ. ಉದ್ಘಾಟನೆಯ ಲಾಡು ಹಂಚಿದ ಮೇಲೆ ಬೆರಳು ಚುಚ್ಚಿದರು. ಶಿಬಿರದ ಲೆಕ್ಕದಲ್ಲಿ 140 ದಾಟಿದರೆ ಸಂಶಯ, ಮುಂದಿನ ಪರೀಕ್ಷೆಗೆ ಕಳಿಸಬೇಕು. ಸಕ್ಕರೆ ಮೆತ್ತಿದ ಬೆರಳನ್ನು ಸೋಪಿನಲ್ಲಿ ತೊಳೆಸದಿದ್ದರೆ ಗ್ಲುಕೋಮೀಟರ್ ರಕ್ತದ ಜೊತೆ ಲಾಡನ್ನೂ ಅಳೆಯುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಪ್ರತಿ ಸಲ ಮುಚ್ಚಬೇಕು, ತೇವ ತಗುಲಿದರೆ ಸ್ಟ್ರಿಪ್ ಕೆಟ್ಟಿತು. ಅಲ್ಲಿ ಡಬ್ಬಿ ಬೆಳಗಿನಿಂದ ಬಾಯಿ ತೆರೆದೇ ಕೂತಿತ್ತು.

ಒಂದು ಸಲದ ಅಂಕಿಯಿಂದ ಯಾರನ್ನೂ ಬಿಪಿ ರೋಗಿ ಎನ್ನುವ ಹಾಗಿಲ್ಲ. 140/90 ಮುಟ್ಟಿದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಬೇಕು, ತೀರಾ ಹೆಚ್ಚಿಲ್ಲದಿದ್ದರೆ ಬೇರೊಂದು ದಿನ ಕರೆದು ಖಚಿತಪಡಿಸಿಕೊಳ್ಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿಯೂ ಐದೈದು ನಿಮಿಷ ಬಿಟ್ಟು ಮೂರು ಸಲ ಅಳೆದರು. ಜನ ಹೆಚ್ಚು, ಸಮಯವಿಲ್ಲ ಎಂಬ ನೆಪ ಬೇಡ. ಐದು ಕುರ್ಚಿಗಳನ್ನು ಸಾಲಾಗಿ ಹಾಕಿ ಒಬ್ಬೊಬ್ಬರನ್ನೇ ಮುಂದೆ ಸರಿಸುತ್ತ ಹೋದರೆ, ಯಂತ್ರದ ಮುಂದೆ ಬರುವ ಹೊತ್ತಿಗೆ ಅವರ ವಿಶ್ರಾಂತಿ ಮುಗಿದಿರುತ್ತದೆ. ಒಬ್ಬರಿಗೆ ಮೂರು ನಿಮಿಷದಂತೆ ಒಂದು ಯಂತ್ರದಲ್ಲಿ ಗಂಟೆಗೆ ಇಪ್ಪತ್ತು ಜನ. ಆದರೆ ಗುರಿ ಮುಟ್ಟಬೇಕಲ್ಲ! ಮಧ್ಯಾಹ್ನದ ಮೇಲಿನ ರಿಜಿಸ್ಟರು ತೆಗೆದು ನೋಡಿ: 120/80, 130/80, 140/90. ಡಿಜಿಟಲ್ ಯಂತ್ರಕ್ಕೆ ಸೊನ್ನೆಯ ಮೇಲೆ ವಿಶೇಷ ಪ್ರೀತಿಯಿಲ್ಲ, ಕೊನೆಯ ಅಂಕಿ ಸೊನ್ನೆ ಬರುವುದು ಹೆಚ್ಚುಕಡಿಮೆ ಹತ್ತರಲ್ಲೊಮ್ಮೆ. ಪುಟ ತುಂಬ ಸೊನ್ನೆ ಇದ್ದರೆ ಅಳೆದದ್ದು ಯಂತ್ರವಲ್ಲ, ಪೆನ್ನು.

ಇದೇ ಅಂಕಿ ಸರ್ಕಾರಿ ಪೋರ್ಟಲ್ ಹತ್ತಿ, ಜಿಲ್ಲೆಯ ಸರಾಸರಿಯಾಗಿ, ನಾಳೆ ‘ಸಂಶೋಧನೆ’ ಎನಿಸಿಕೊಂಡು ನೀತಿಯಾಗಿ ನಮ್ಮ ಮೇಲೇ ಬೀಳುತ್ತದೆ. ಮಾತ್ರೆಯ ಇಂಡೆಂಟ್ (ಬೇಡಿಕೆ ಪತ್ರ) ಇದನ್ನು ನೋಡಿಯೇ ಹೋಗುತ್ತದೆ. ಬಿಪಿ ಇಲ್ಲದ ಮುದುಕರು ಬಿಪಿ ಇಳಿಸುವ ಆಮ್ಲೋಡಿಪಿನ್ ನುಂಗಿ ತಲೆ ತಿರುಗಿ ಬೀಳಬೇಕು, ನಿಜವಾಗಿ ಬೇಕಾದವರು ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎನಿಸಿಕೊಳ್ಳಬೇಕು. 2025ರೊಳಗೆ 7.5 ಕೋಟಿ ಬಿಪಿ, ಶುಗರ್ ರೋಗಿಗಳಿಗೆ ಕ್ರಮಬದ್ಧ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ 2023ರ ಮೇ 17ರಂದು ಸಾರಿತ್ತು. ಒಳ್ಳೆಯದೇ. ಆದರೆ ಕೇಳಬೇಕಾದ ಲೆಕ್ಕ ಎಷ್ಟು ತೋಳಿಗೆ ಪಟ್ಟಿ ಸುತ್ತಿದಿರಿ ಎಂಬುದಲ್ಲ. ಹೆಸರು ಬರೆಸಿಕೊಂಡವರಲ್ಲಿ ಎಷ್ಟು ಜನ ಮರಳಿ ಬಂದರು, ಬಂದವರಲ್ಲಿ ಎಷ್ಟು ಜನರ ಬಿಪಿ 140/90ರ ಕೆಳಗಿದೆ ಎಂಬುದು. ಆ ಲೆಕ್ಕಕ್ಕೆ ಹಾರ, ಫೋಟೊ ಸಿಗುವುದಿಲ್ಲ.

ಇದು ಇವತ್ತಿನ ಚಾಳಿಯೂ ಅಲ್ಲ. ಆನೆಕಾಲು ರೋಗದ ಮರಿಹುಳು ರಕ್ತದಲ್ಲಿ ಹೆಚ್ಚಾಗಿ ಸಿಗುವುದು ರಾತ್ರಿ ಹತ್ತರಿಂದ ಎರಡರವರೆಗೆ. ಸಾಹೇಬರ ಊಟದ ಹೊತ್ತು ತಪ್ಪಬಾರದೆಂದು ಸಂಜೆಯೇ ಸ್ಲೈಡ್ ಎಳೆದು ‘ಪ್ರಕರಣ ಶೂನ್ಯ’ ಎಂದು ಬರೆಸಿದ ಕಾಲವೂ ಇತ್ತು. ಡೆಂಗಿಯ ಸೊಳ್ಳೆ ಕಚ್ಚುವುದು ಹಗಲು, ಹುಟ್ಟುವುದು ಡ್ರಮ್ಮಿನ ತಿಳಿನೀರಲ್ಲಿ. ಹೊಗೆ ಬಿಡುವುದು ಮಾತ್ರ ಕತ್ತಲಾದ ಮೇಲೆ ಚರಂಡಿಗೆ. ಕೇಳಿದರೆ ‘ಮೇಲಿನಿಂದ ಆದೇಶ’. ಆ ಮೇಲಿನವರು ಯಾವ ಮಹಡಿಯಲ್ಲಿ ಇರುತ್ತಾರೋ. ತಪ್ಪೆಲ್ಲ ಕೊನೆಗೆ ಬಂದು ಬೀಳುವುದು ಆಶಾ ಕಾರ್ಯಕರ್ತೆಯರ ತಲೆಯ ಮೇಲೆ. ಮನೆಮನೆ ತಿರುಗಿ ಫಾರಂ ತುಂಬಿದವರೂ ಅವರೇ, ನೋಟಿಸ್ ತಿನ್ನುವವರೂ ಅವರೇ.

ಭಾನುವಾರದ ಅಂಕಿಗಳನ್ನು ಪೋರ್ಟಲಿನಿಂದ ಅಳಿಸಲಿ. ಅಳಿಸಲು ಬರದಿದ್ದರೆ ಹೆಚ್ಚು ತೋರಿಸಿದವರನ್ನೆಲ್ಲ ಮತ್ತೆ ಕರೆದು ನೆಟ್ಟಗೆ ಅಳೆಯಲಿ, ಕಡಿಮೆ ತೋರಿಸಿದವರನ್ನೂ ಕರೆಯಲಿ. ಅದೂ ಕೈಲಾಗದಿದ್ದರೆ ಇಂಥ ಶಿಬಿರಗಳನ್ನೇ ನಿಲ್ಲಿಸಲಿ, ಇಲ್ಲವೇ ಪ್ರತಿ ತಿಂಗಳೂ ಸರಿಯಾಗಿ ಮಾಡಲಿ. ಜಿಲ್ಲಾಡಳಿತ ಇತ್ತ ಗಮನ ಹರಿಸಲಿ; ಪುರಸೊತ್ತಿಲ್ಲದಿದ್ದರೆ ಗಮನ ಹರಿಸುವವರನ್ನಾದರೂ ನೇಮಿಸಲಿ.

– ನಿವೃತ್ತ ಹಿರಿಯ ಆರೋಗ್ಯ ನಿರೀಕ್ಷಕ, ಇದೇ ವಾರ್ಡಿನ ನಿವಾಸಿ